ಕಾಫಿ ಹೋಟೆಲಿನ ಲಕ್ಷಣವಿಚಾರ

ಮನೆಯಲ್ಲಿ ಕಾಫಿಯಿರುವ ಗೃಹಸ್ಥನೂ ಬೀದಿಯ ತಿರುವಿನ ಕಾಫಿ ಹೋಟೆಲಿಗೆ ಏಕೆ ಹೋಗುತ್ತಾನೆ? ಪ್ರಶ್ನೆ ಅಲ್ಪವೆಂದು ತೋರಬಹುದು. ಉತ್ತರ ಮಾತ್ರ ಅಷ್ಟು ಸುಲಭವಲ್ಲ. ಮನೆಯ ಡಿಕಾಕ್ಷನ್ನು ಅನೇಕ ವೇಳೆ ಹೋಟೆಲಿನದಕ್ಕಿಂತ ಗಟ್ಟಿ, ಹಾಲು ಚೆನ್ನ, ಖರ್ಚು ಕಡಮೆ. ಇಷ್ಟಿದ್ದರೂ ವೃತ್ತಪತ್ರಿಕೆಯನ್ನು ಕಂಕುಳಲ್ಲಿ ಇರುಕಿಕೊಂಡು ಮುಂಜಾನೆಯೇ ಹೊರಟುಬಿಡುವವರು ಊರೂರಿನಲ್ಲಿಯೂ ಉಂಟು. ರುಚಿಯೇ ಕಾರಣವಾಗಿದ್ದರೆ ಊರಿನವರೆಲ್ಲರೂ ಅತ್ಯುತ್ತಮವಾದ ಒಂದೇ ಅಂಗಡಿಗೆ ಮುತ್ತಬೇಕಾಗಿತ್ತು. ಹಾಗಾಗುವುದಿಲ್ಲ. ಒಬ್ಬೊಬ್ಬನಿಗೆ ಒಂದೊಂದು ಹೋಟೆಲು ‘ನಮ್ಮದು’. ಕಾಫಿ ಒಂದು ದಿನ ಕೆಟ್ಟರೂ ಅವನು ಅದನ್ನು ಬಿಡುವುದಿಲ್ಲ. ಮಾಣಿಯನ್ನು ಗದರಿ, ಮರುದಿನ ಮತ್ತೆ ಅಲ್ಲಿಗೇ ಬರುತ್ತಾನೆ. ಈ ಮಮತ್ವದ ಮೂಲ ಯಾವುದೆಂಬುದು ಪ್ರಕೃತ ವಿಚಾರ್ಯ ವಿಷಯ.

ಈ ಬಗೆಯ ಸ್ಥಳಗಳನ್ನು ಕ್ರಮವಾಗಿ ವಿವೇಚಿಸಿದ ಗ್ರಂಥಗಳಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ರೇ ಓಲ್ಡನ್‌ಬರ್ಗ್ ಅವರು ೧೯೮೯ರಲ್ಲಿ ಪ್ರಕಟಿಸಿದ ‘ದಿ ಗ್ರೇಟ್ ಗುಡ್ ಪ್ಲೇಸ್’ ಎಂಬುದು ಪ್ರಸಿದ್ಧವಾದದ್ದು. ಮನುಷ್ಯನಿಗೆ ಮನೆ ಮೊದಲನೆಯ ಸ್ಥಾನ, ದುಡಿಮೆಯ ಎಡೆ ಎರಡನೆಯದು. ಈ ಎರಡೂ ಅಲ್ಲದ ಮೂರನೆಯ ಸ್ಥಾನವೊಂದು ಇಲ್ಲದಿದ್ದರೆ ಜನಜೀವನ ಬಡವಾಗುತ್ತದೆ ಎಂಬುದು ಗ್ರಂಥಕರ್ತರ ಪ್ರತಿಜ್ಞೆ. ಈ ತೃತೀಯ ಸ್ಥಾನಕ್ಕೆ ಅವರು ಎಂಟು ಲಕ್ಷಣಗಳನ್ನು ಹೇಳುತ್ತಾರೆ. ಅದು ಯಾರೊಬ್ಬರಿಗೂ ಸೇರದ ತಟಸ್ಥ ಭೂಮಿ, ಅಲ್ಲಿ ಅಂತಸ್ತುಗಳು ಸಮವಾಗುತ್ತವೆ, ಸಂಭಾಷಣೆಯೇ ಪ್ರಧಾನವಾದ ವ್ಯಾಪಾರ, ಬೇಕಾದಾಗ ಸುಲಭವಾಗಿ ಹೋಗಬಹುದು, ನಿತ್ಯವೂ ಬರುವ ಬಳಗವೊಂದಿರುತ್ತದೆ, ಕಟ್ಟಡದಲ್ಲಿ ಆಡಂಬರವಿರುವುದಿಲ್ಲ, ವಿನೋದಭಾವ ನೆಲಸಿರುತ್ತದೆ, ಒಟ್ಟಿನಲ್ಲಿ ಅದು ಮನೆಯ ಹೊರಗಣ ಮನೆ. ಬಿಯರು ತೋಟ, ಮದ್ಯದಂಗಡಿ, ಕಾಫಿಮನೆ ಮುಂತಾದವುಗಳನ್ನೆಲ್ಲ ಈ ಒಂದು ಹೆಸರಿನ ಕೆಳಗೆ ಅವರು ತರುತ್ತಾರೆ.

ಗ್ರಂಥದ ಗುಣ ಮೊದಲು ಹೇಳತಕ್ಕದ್ದು. ಹರಟೆಯನ್ನು ಕಾಲಹರಣವೆಂದು ಹಳಿಯುವುದೇ ವಾಡಿಕೆಯಾಗಿದ್ದಾಗ, ಊರಿನ ಆರೋಗ್ಯಕ್ಕೆ ಅದು ಅಗತ್ಯವೆಂದು ಸಾಧಿಸಿದ ಕೀರ್ತಿ ಇದಕ್ಕೆ ಸಲ್ಲುತ್ತದೆ. ಮನೆಯಿಂದ ಕಚೇರಿಗೆ, ಕಚೇರಿಯಿಂದ ಮನೆಗೆ ಕಾರಿನಲ್ಲಿ ಹೋಗಿಬರುವ ಅಮೆರಿಕದ ಹೊರವಲಯಗಳ ಜೀವನ ಎಷ್ಟು ಒಂಟಿಯೆಂಬುದನ್ನು ಅದು ಮನಗಾಣಿಸುತ್ತದೆ. ಆದರೆ ಲಕ್ಷಣವೆಂದು ಹೇಳಿದ ಮೇಲೆ ಅದನ್ನು ತರ್ಕಶಾಸ್ತ್ರದ ಒರೆಗಲ್ಲಿಗೆ ಹಚ್ಚಿ ನೋಡುವುದು ನ್ಯಾಯ. ಲಕ್ಷಣಕ್ಕೆ ಬರತಕ್ಕ ದೋಷಗಳು ಮೂರೆಂದು ತಾರ್ಕಿಕರು ಎಣಿಸಿದ್ದಾರೆ. ಆಕಳೆಂದರೆ ಕಪಿಲವರ್ಣದ ಪ್ರಾಣಿ ಎಂದರೆ ಬಿಳಿಯ ಆಕಳು ಹೊರಗುಳಿಯಿತು, ಇದು ಅವ್ಯಾಪ್ತಿ. ಕೊಂಬುಳ್ಳದ್ದು ಎಂದರೆ ಎಮ್ಮೆಯೂ ಒಳಗೆ ಬಂದಿತು, ಇದು ಅತಿವ್ಯಾಪ್ತಿ. ಒಂಟಿಗೊರಸಿನದು ಎಂದರೆ ಯಾವ ಆಕಳಿಗೂ ಅದು ಹೊಂದದು, ಇದು ಅಸಂಭವ. ಎಂಟು ಲಕ್ಷಣಗಳಲ್ಲಿ ಅಸಂಭವವೇನೂ ಇಲ್ಲ. ಉಳಿದ ಎರಡು ದೋಷಗಳ ವಿಷಯ ವಿಚಾರಿಸಬೇಕು.

ಸಂಭಾಷಣೆಯೇ ಪ್ರಧಾನವೆಂಬ ಮಾತನ್ನು ತೆಗೆದುಕೊಳ್ಳೋಣ. ಬೆಂಗಳೂರಿನ ಗಾಂಧಿಬಜಾರಿನಲ್ಲಿ ೧೯೪೩ರಲ್ಲಿ ಆರಂಭವಾದ ವಿದ್ಯಾರ್ಥಿ ಭವನವನ್ನು ಎಷ್ಟೋ ತಲೆಮಾರಿನ ಜನ ಪ್ರೀತಿಸಿದ್ದಾರೆ. ಕನ್ನಡ ಸಾಹಿತಿಗಳಿಗೂ ಅದಕ್ಕೂ ಇರುವ ನಂಟನ್ನು ಅದರ ಗೋಡೆಯ ಮೇಲಿನ ಚಿತ್ರಗಳೇ ಹೇಳುತ್ತವೆ. ಆದರೆ ರಜಾದಿನದ ಬೆಳಗ್ಗೆ ಅಲ್ಲಿ ಬಾಗಿಲ ಹೊರಗೆ ಕಾದು, ಅಪರಿಚಿತರೊಡನೆ ಒಂದೇ ಮೇಜಿಗೆ ಕುಳಿತು, ದೋಸೆ ಕಾಫಿ ಮುಗಿಸಿ, ಬೆನ್ನ ಹಿಂದೆ ನಿಂತವರಿಗೆ ಎಡೆಬಿಟ್ಟು ಏಳಬೇಕಾಗುತ್ತದೆ. ಸಾವಕಾಶವಾದ ಸಂಭಾಷಣೆಗೆ ಅಲ್ಲಿ ಆಸ್ಪದವೆಲ್ಲಿ? ೧೯೮೦ರ ದಶಕದಿಂದ ಬೆಂಗಳೂರಿನಲ್ಲಿ ಹಬ್ಬಿದ ‘ದರ್ಶಿನಿ’ಗಳಲ್ಲಂತೂ ಕುಳಿತುಕೊಳ್ಳುವ ಕುರ್ಚಿಯೇ ಇಲ್ಲ, ಲೋಟವನ್ನು ಕೈಯಲ್ಲಿ ಹಿಡಿದು ನಿಂತೇ ಕುಡಿಯಬೇಕು. ಆದರೂ ನಿತ್ಯದ ಗಿರಾಕಿಗಳು ಅಲ್ಲಿ ಇದ್ದೇ ಇದ್ದಾರೆ. ಮೂಲೆಯಲ್ಲಿ ಒಬ್ಬನೇ ಕುಳಿತು, ಯಾರೊಡನೆಯೂ ಮಾತನಾಡದೆ, ಪತ್ರಿಕೆಯ ಕೊನೆಯ ಪುಟದವರೆಗೂ ಓದಿ ಎದ್ದುಹೋಗುವ ವೃದ್ಧನಿಗೂ ಹೋಟೆಲು ಪ್ರಿಯವೇ. ಇವರೆಲ್ಲ ಲಕ್ಷಣದ ಹೊರಗುಳಿಯುತ್ತಾರೆ, ಇದು ಅವ್ಯಾಪ್ತಿ.

ಇನ್ನು ಅತಿವ್ಯಾಪ್ತಿ. ತಟಸ್ಥ ಭೂಮಿ, ಸಂಭಾಷಣೆ, ನಿತ್ಯದ ಬಳಗ, ನಿರಾಡಂಬರ, ವಿನೋದ: ಇವೆಲ್ಲವೂ ಊರಮುಂದಿನ ಅರಳಿಕಟ್ಟೆಗೂ ಒಪ್ಪುತ್ತವೆ. ನಾನಾ ಬಗೆಯ ಸ್ಥಳಗಳನ್ನು ಒಟ್ಟುಗೂಡಿಸುವುದೇ ಗ್ರಂಥಕರ್ತರ ಉದ್ದೇಶವಾದ್ದರಿಂದ ಅವರ ಮಟ್ಟಿಗೆ ಇದು ದೋಷವಲ್ಲ. ಆದರೆ ಕಾಫಿ ಹೋಟೆಲಿನ ವಿಶೇಷವನ್ನು ತಿಳಿಯಬಯಸುವವನಿಗೆ ಇಷ್ಟು ಸಾಲದು. ಕಟ್ಟೆಯ ಮೇಲೆ ಕುಳಿತವನು ಇಂಥವರ ಮಗ, ಇಂಥ ಕುಲದವನು, ಇಷ್ಟು ಸಾಲ ಉಳ್ಳವನು ಎಂಬುದು ಊರಿಗೆಲ್ಲ ತಿಳಿದಿರುತ್ತದೆ; ಮಾತು ಅಲ್ಲಿಂದಲೇ ಮೊದಲಾಗುತ್ತದೆ. ಹೋಟೆಲಿನಲ್ಲಿ ಹಾಗಲ್ಲ. ಮಾಣಿಗೆ ಗೊತ್ತಿರುವುದು, ಇವರಿಗೆ ಸಕ್ಕರೆ ಕಡಮೆ, ಡಿಕಾಕ್ಷನ್ನು ಹೆಚ್ಚು, ಕಿಟಕಿಯ ಪಕ್ಕದ ಜಾಗ ಬೇಕು ಎಂಬಷ್ಟೇ. ಅದಕ್ಕಿಂತ ಹೆಚ್ಚಾಗಿ ಅವನು ಕೇಳುವುದಿಲ್ಲ, ಗಿರಾಕಿಯೂ ಹೇಳಬೇಕಾದದ್ದಿಲ್ಲ.

ಈ ಭೇದಕ್ಕೆ ಕಾರಣ ಕಾಸು. ಸ್ನೇಹಿತನ ಮನೆಯಲ್ಲಿ ಕುಡಿದ ಕಾಫಿ ಸತ್ಕಾರ. ಸತ್ಕಾರವೆಂದ ಮೇಲೆ ಅದು ಋಣ. ಮನೆಯಾಕೆಯ ಕೆಲಸ ಕೆಡಿಸಿದೆವೋ ಎಂಬ ಸಂಕೋಚ, ಮತ್ತೊಮ್ಮೆ ಅವರನ್ನು ಕರೆಯಬೇಕೆಂಬ ಹೊಣೆ, ಕುಶಲಪ್ರಶ್ನೆಗಳಿಗೆಲ್ಲ ಉತ್ತರಿಸುವ ಕರ್ತವ್ಯ, ಇವೆಲ್ಲ ಲೋಟದ ಜೊತೆಗೇ ಬರುತ್ತವೆ. ಛತ್ರದ ಊಟದಲ್ಲಿ ದಾನದ ಋಣ. ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಗೆ ಹಣ ಬಿದ್ದೊಡನೆ ಋಣ ತೀರಿತು. ಅಲ್ಲಿ ಬಂದವನು ಅತಿಥಿಯೂ ಅಲ್ಲ, ಆಶ್ರಿತನೂ ಅಲ್ಲ. ವ್ಯಾಪಾರ ಇಷ್ಟಕ್ಕೇ ಮುಗಿದಿದ್ದರೆ ಹೋಟೆಲು ಸಂತೆಯ ಮಳಿಗೆಗಳಲ್ಲಿ ಒಂದಾಗುತ್ತಿತ್ತು. ಆದರೆ ಅವನು ನಾಳೆಯೂ ಬರುತ್ತಾನೆ, ನಾಳಿದ್ದೂ ಬರುತ್ತಾನೆ. ಋಣ ದಿನದಿನವೂ ತೀರುತ್ತದೆ. ಪರಿಚಯ ಮಾತ್ರ ತೀರದೆ ಕೂಡುತ್ತ ಹೋಗುತ್ತದೆ. ಋಣವಿಲ್ಲದ ಈ ಪರಿಚಯವೇ ಪ್ರಿಯವಾದ ಕಾಫಿ ಹೋಟೆಲಿನ ಅಸಾಧಾರಣ ಧರ್ಮ. ಮಾತುಗಾರನಿಗೂ ಮೌನಿಗೂ, ಕುಳಿತವನಿಗೂ ನಿಂತವನಿಗೂ ಅದು ಸಮಾನವಾಗಿ ಅನ್ವಯಿಸುತ್ತದೆ. ಬೆಂಗಳೂರು ಕಡೆಯ ‘ಬೈಟೂ’ ಕಾಫಿಯನ್ನು ನೋಡಬಹುದು. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿಕೊಡೆಂದು ಕೇಳಲು ಗಿರಾಕಿಗೆ ನಾಚಿಕೆಯಿಲ್ಲ. ಹಂಚಿಕೊಡಲು ಹೋಟೆಲಿನವನಿಗೆ ಬೇಸರವಿಲ್ಲ. ಬಂಧುವಿನ ಮನೆಯಲ್ಲಿ ಹೀಗೆ ಕೇಳಿದವರುಂಟೆ?

ಸಣ್ಣ ನಾಣ್ಯಕ್ಕೆ ಇಂಥ ಶಕ್ತಿಯುಂಟೆಂಬುದನ್ನು ಹಿಂದೆ ಅರಸರೂ ಅರಿತಿದ್ದರು. ಲಂಡನ್ನಿನಲ್ಲಿ ಮೊದಲ ಕಾಫಿಮನೆಯನ್ನು ೧೬೫೨ರಲ್ಲಿ ಪಾಸ್ಕಾ ರೋಸೆ ಎಂಬವನು ತೆರೆದನು. ಒಂದು ಪೆನ್ನಿ ಕೊಟ್ಟವನು ಪ್ರಭುವಾದರೂ ದರ್ಜಿಯಾದರೂ ಒಳಗೆ ಕುಳಿತು ಕಾಫಿ ಕುಡಿದು, ಪತ್ರಿಕೆ ಓದಿ, ರಾಜ್ಯಕಾರಣವನ್ನು ಆಡಬಹುದಾಗಿತ್ತು. ಎರಡನೆಯ ಚಾರ್ಲ್ಸ್ ದೊರೆ ಇದಕ್ಕೆ ಹೆದರಿ, ಕಾಫಿಮನೆಗಳನ್ನೆಲ್ಲ ಮುಚ್ಚಬೇಕೆಂದು ೧೬೭೫ರ ಡಿಸೆಂಬರ್ ೨೯ರಂದು ಘೋಷಣೆ ಹೊರಡಿಸಿದನು. ಜನರ ವಿರೋಧ ಎಷ್ಟಾಯಿತೆಂದರೆ, ಜನವರಿ ೧೦ರಂದು ಜಾರಿಗೆ ಬರಬೇಕಾಗಿದ್ದ ಆ ಆಜ್ಞೆಯನ್ನು ಅದಕ್ಕೆ ಮೊದಲೇ ಹಿಂದಕ್ಕೆ ತೆಗೆದುಕೊಂಡನು. ಆದರೆ ಆ ಪೆನ್ನಿಗೂ ಒಂದು ಮಿತಿಯಿತ್ತು. ಕುಳಿತು ಚರ್ಚಿಸುವ ಆ ಬಳಗ ಗಂಡಸರದು, ಹೆಂಗಸರದಲ್ಲ.

ಕಾಸಿನ ಮಿತಿ ಈ ದೇಶದಲ್ಲಿ ಇನ್ನೂ ಕಠಿಣವಾಗಿತ್ತು. ಇಲ್ಲಿ ಕಾಸನ್ನು ಎಲ್ಲರಿಂದಲೂ ತೆಗೆದುಕೊಂಡು, ಪಂಕ್ತಿಯನ್ನು ಮಾತ್ರ ಬೇರೆ ಮಾಡುತ್ತಿದ್ದರು. ಬ್ರಾಹ್ಮಣರ ಕಾಫಿ ಕ್ಲಬ್ಬುಗಳಲ್ಲಿ ಇತರರಿಗೆ ಬೇರೆ ಜಾಗ. ಅಸ್ಪೃಶ್ಯರೆನಿಸಿಕೊಂಡವರಿಗೆ ಪ್ರವೇಶವೇ ಇಲ್ಲ. ಮದರಾಸು ಪ್ರಾಂತ್ಯದಲ್ಲಿ ರೈಲು ನಿಲ್ದಾಣದ ಫಲಾಹಾರಮಂದಿರಗಳಲ್ಲಿಯೂ ಇದ್ದ ಇಂಥ ಪಂಕ್ತಿಭೇದ ಪೆರಿಯಾರ್ ಅವರ ಚಳವಳಿಯ ಫಲವಾಗಿ ೧೯೪೧ರಲ್ಲಿ ನಿಂತಿತು. ತಮಿಳು ನಾಡಿನ ಕಾಫಿಯ ಈ ಸಾಮಾಜಿಕ ಚರಿತ್ರೆಯನ್ನು ಎ. ಆರ್. ವೆಂಕಟಾಚಲಪತಿ ಅವರು ೨೦೦೬ರ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ವಿವರಿಸಿದ್ದಾರೆ. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ೧೫ನೆಯ ವಿಧಿಯು ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲುಗಳ ಪ್ರವೇಶದಲ್ಲಿ ಜಾತಿ, ಮತ, ಲಿಂಗಗಳ ಭೇದ ಕೂಡದೆಂದು ಸ್ಪಷ್ಟವಾಗಿ ಹೆಸರಿಸಿ ಹೇಳಿತು. ದೇಶದ ಪರಮಶಾಸನವೇ ಕಾಫಿ ಹೋಟೆಲಿನ ಬಾಗಿಲನ್ನು ಕುರಿತು ಮಾತನಾಡಬೇಕಾಯಿತೆಂದರೆ ಆ ಬಾಗಿಲು ಎಷ್ಟು ಭದ್ರವಾಗಿ ಮುಚ್ಚಿತ್ತೆಂಬುದನ್ನು ಊಹಿಸಬಹುದು. ಕೆಲವು ಹಳ್ಳಿಗಳ ಚಹದಂಗಡಿಗಳಲ್ಲಿ ದಲಿತರಿಗೆ ಬೇರೆ ಲೋಟವಿಡುವ ಪದ್ಧತಿಯ ವರದಿಗಳು ಅದರ ಅನಂತರವೂ ಬರುತ್ತಲೇ ಇವೆ.

ಇಲ್ಲಿ ಓಲ್ಡನ್‌ಬರ್ಗ್ ಅವರ ‘ಅಂತಸ್ತುಗಳು ಸಮವಾಗುತ್ತವೆ’ ಎಂಬ ಲಕ್ಷಣ ಇಕ್ಕಟ್ಟಿಗೆ ಸಿಲುಕುತ್ತದೆ. ಒಳಗೆ ಬಂದವರು ಸಮವಾಗುತ್ತಾರೆಂಬುದು ದಿಟವಿರಬಹುದು. ಯಾರು ಒಳಗೆ ಬಂದರು ಎಂಬ ಪ್ರಶ್ನೆ ಅದಕ್ಕೆ ಮೊದಲಿನದು. ಹಳೆಯ ಹೋಟೆಲುಗಳನ್ನು ನೆನೆದು, ಆಗಿನ ಆತ್ಮೀಯತೆ ಈಗ ಇಲ್ಲವೆಂದು ಕೊರಗುವ ಲೇಖನಗಳಿಗೂ ಇದೇ ಆಕ್ಷೇಪ. ಆ ಆತ್ಮೀಯತೆ ಯಾರ ಪಾಲಿಗಿತ್ತು? ಬಾಗಿಲಲ್ಲಿ ನಿಂತು ತನ್ನ ಲೋಟವನ್ನು ತಾನೇ ತೊಳೆದಿಟ್ಟು ಹೋಗಬೇಕಾದವನ ನೆನಪಿನಲ್ಲಿ ಅದೇ ಹೋಟೆಲು ಬೇರೊಂದು ರೂಪದಲ್ಲಿ ಉಳಿದಿರುತ್ತದೆ. ಅವನ ಪಾಲಿಗೆ ಕಾಸು ಕೊಟ್ಟರೂ ಋಣ ತೀರಲಿಲ್ಲ. ಹುಟ್ಟಿನ ಗುರುತು ಬೆನ್ನು ಬಿಡಲಿಲ್ಲ.

ಶಂಕೆ: ಋಣವಿಲ್ಲದ ಪರಿಚಯವೆಂಬುದು ಬರಿಯ ವ್ಯಾಪಾರದ ಮುಗುಳ್ನಗೆಯಲ್ಲವೆ? ಅದರಿಂದ ಮನಸ್ಸಿಗೆ ಏನು ಲಾಭ? ಇದಕ್ಕೆ ಸಮಾಧಾನವನ್ನು ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಎಂಬ ಕನ್ನಡದ ಕಿರುಕಾದಂಬರಿಯಲ್ಲಿ ಕಾಣಬಹುದು. ಇದರ ಕಥಾನಾಯಕನ ಮನೆ ತಟಕ್ಕನೆ ಸಿರಿವಂತವಾದದ್ದು. ಅಲ್ಲಿ ಪ್ರತಿಯೊಬ್ಬರೂ ಮತ್ತೊಬ್ಬರ ಹಂಗಿನಲ್ಲಿ ಸಿಕ್ಕಿಕೊಂಡಿದ್ದಾರೆ. ಅನ್ನ ಹಾಕುವವನನ್ನು ಯಾರೂ ಎದುರಿಸಲಾರರು. ಸತ್ಯವನ್ನು ಯಾರೂ ಆಡಲಾರರು. ಅಂಥ ಮನೆಯಿಂದ ತಪ್ಪಿಸಿಕೊಂಡು ಅವನು ಬಂದು ಕುಳಿತುಕೊಳ್ಳುವ ಸ್ಥಳ ಕಾಫಿ ಹೌಸು. ವಿನ್ಸೆಂಟ್ ಎಂಬ ಪರಿಚಾರಕ ಮಿತಭಾಷಿ. ಅವನ ಒಂದೊಂದು ಮಾತೂ ನಾಯಕನಿಗೆ ದೈವವಾಣಿಯಂತೆ ಕೇಳಿಸುತ್ತದೆ. ಮನೆಯವರಿಗೆ ಹೇಳಲಾರದ್ದನ್ನು ಅವನಿಗೆ ಹೇಳಿಬಿಡೋಣವೆಂಬ ಆಸೆ. ಕಾರಣವೇನು? ವಿನ್ಸೆಂಟನ ಹಂಗು ಇವನಿಗಿಲ್ಲ, ಇವನ ಹಂಗು ವಿನ್ಸೆಂಟನಿಗಿಲ್ಲ. ಆದರೂ ನಾಯಕ ಬಾಯಿಬಿಟ್ಟು ಹೇಳಲಾರ. ಹೋಟೆಲು ಮನಸ್ಸಿನ ಭಾರವನ್ನು ಇಳಿಸದು, ಇಳಿಸಬಹುದಾದ ಒಂದು ಎಡೆಯನ್ನು ತೋರಿಸುತ್ತದೆ. ಅದರ ಲಾಭವೂ ಅಷ್ಟೇ, ಮಿತಿಯೂ ಅಷ್ಟೇ. ಹೋಟೆಲನ್ನು ಕಥೆಯ ಅಲಂಕಾರವಾಗಿ ಬಳಸದೆ, ಮನೆಗೆ ಎದುರಾಗಿ ನಿಲ್ಲಿಸಿ ಮನೆಯನ್ನು ಅಳೆಯುವ ಕೋಲಾಗಿ ಬಳಸಿರುವುದು ಈ ಕೃತಿಯ ಔಚಿತ್ಯ.

ಹಂಗಿನ ಪ್ರಶ್ನೆ ಬಡಿಸುವವನಿಗೂ ಉಂಟು. ಕಾಫಿ ಮಂಡಳಿಯು ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ, ಎ. ಕೆ. ಗೋಪಾಲನ್ ಅವರ ಪ್ರೇರಣೆಯಿಂದ ನೌಕರರೇ ಸಹಕಾರ ಸಂಘಗಳನ್ನು ಕಟ್ಟಿ ೧೯೫೭ರಿಂದ ಅವುಗಳನ್ನು ತಾವೇ ನಡೆಸತೊಡಗಿದರು. ಬೆಂಗಳೂರಿನ ಸಂಘ ಅವುಗಳಲ್ಲಿ ಮೊದಲನೆಯದು. ಕಾಫಿ ತಂದಿಡುವವನು ಅಲ್ಲಿ ಕೂಲಿಯಾಳಲ್ಲ, ಪಾಲುದಾರ. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯ ಕಾಫಿ ಹೌಸು ೨೦೦೯ರಲ್ಲಿ ಹಳೆಯ ಕಟ್ಟಡವನ್ನು ಬಿಡಬೇಕಾಗಿ ಬಂದು ಚರ್ಚ್ ಸ್ಟ್ರೀಟಿಗೆ ಹೋಯಿತು. ಕಟ್ಟಡ ಹೋದರೂ ಹೋಟೆಲು ಉಳಿಯಿತು. ಮಮತ್ವ ಗೋಡೆಯಲ್ಲಿ ಇರುವುದಿಲ್ಲವೆಂಬುದಕ್ಕೆ ಇಷ್ಟು ನಿದರ್ಶನ ಸಾಕು.

೧೯೯೬ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಆರಂಭವಾದ ಕೆಫೆ ಕಾಫಿ ಡೇಯ ಬಗೆಯ ಹೊಸ ಅಂಗಡಿಗಳನ್ನು ಇದೇ ಒರೆಗೆ ಹಚ್ಚಿದರೆ ತೀರ್ಪು ಏಕಮುಖವಾಗಿರುವುದಿಲ್ಲ. ತರುಣಿಯೊಬ್ಬಳು ಒಬ್ಬಳೇ ಕುಳಿತು ಒಂದು ಗಂಟೆ ಪುಸ್ತಕ ಓದಿದರೂ ಯಾರೂ ದಿಟ್ಟಿಸಿ ನೋಡದ ಸ್ಥಳವನ್ನು ಅವು ಒದಗಿಸಿದುವು. ‘ಫ್ಯಾಮಿಲಿ ರೂಮಿ’ನ ಪರದೆಯ ಹಿಂದೆ ಹೆಂಗಸರನ್ನು ಕೂರಿಸಿದ ಹಳೆಯ ಹೋಟೆಲುಗಳು ಈ ಕೀರ್ತಿಯನ್ನು ಹೇಳಿಕೊಳ್ಳಲಾರವು. ಆದರೆ ಅವುಗಳ ಬೆಲೆ ಅಲ್ಪವಲ್ಲ. ಕೂಲಿಯವನ ಅರ್ಧ ದಿನದ ದುಡಿಮೆಯನ್ನು ಒಂದು ಲೋಟಕ್ಕೆ ಕೇಳುವ ಬಾಗಿಲಿನಲ್ಲಿ ಜಾತಿಯ ಫಲಕವಿಲ್ಲದಿದ್ದರೂ ಬೆಲೆಯ ಫಲಕವೇ ಆ ಕೆಲಸವನ್ನು ಮಾಡಿಬಿಡುತ್ತದೆ.

ಆದಕಾರಣ ಪರಿಷ್ಕೃತವಾದ ಲಕ್ಷಣ ಹೀಗಾಗುತ್ತದೆ: ಎಲ್ಲರ ಕೈಗೂ ಎಟಕುವ ಅಲ್ಪ ಮೌಲ್ಯದಿಂದ ಋಣ ತೀರುವ, ನಿತ್ಯದ ಬರವಿನಿಂದ ಪರಿಚಯ ಬೆಳೆಯುವ, ಯಾರ ಕಾಸಿಗೂ ಒಂದೇ ಲೋಟ ಒಂದೇ ಪಂಕ್ತಿ ದೊರೆಯುವ ಎಡೆಯೇ ಪ್ರಿಯವಾದ ಕಾಫಿ ಹೋಟೆಲು. ಮೊದಲಿನ ಎರಡು ವಿಶೇಷಣಗಳು ಹಿಂದಿನ ಹೋಟೆಲುಗಳಲ್ಲಿ ಧಾರಾಳವಾಗಿದ್ದುವು. ಮೂರನೆಯದು ಕಾನೂನಿನಿಂದ ಬಂದಿದೆ. ನಡತೆಯಲ್ಲಿ ಇನ್ನೂ ಪೂರ್ಣವಾಗಿ ಬರಬೇಕಾಗಿದೆ. ತಮ್ಮ ಬೀದಿಯ ಹೋಟೆಲನ್ನು ಮೆಚ್ಚುವ ವಾಚಕ ಮಹಾಶಯರು, ಅಲ್ಲಿ ದಿನವೂ ಯಾರಾರು ಬಂದು ಕುಳಿತುಕೊಳ್ಳುತ್ತಾರೆ, ಯಾರು ಬರುವುದಿಲ್ಲ ಎಂಬುದನ್ನು ಒಮ್ಮೆ ಎಣಿಸಿ ನೋಡಿದರೆ ಈ ಲಕ್ಷಣದ ಪರೀಕ್ಷೆ ಅಲ್ಲಿಯೇ ಆಗುತ್ತದೆ.