ಸ್ವಾಮಿ ಆಡದೇ ಹೋದ ಪಂದ್ಯ



ಹೋದ ತಿಂಗಳ ಕೂಟದಲ್ಲಿ ನಾವು ಕೈಗೆತ್ತಿಕೊಂಡದ್ದು ಆರ್.ಕೆ. ನಾರಾಯಣರ 'ಸ್ವಾಮಿ ಅಂಡ್ ಫ್ರೆಂಡ್ಸ್'. "ಇದೇನ್ರೀ, ಕನ್ನಡ ಕೂಟದಲ್ಲಿ ಇಂಗ್ಲಿಷ್ ಕಾದಂಬರಿ?" ಎಂದು ಹುಬ್ಬೇರಿಸಿದವರೂ ಇದ್ದರು. ನ್ಯಾಯವಾದ ಪ್ರಶ್ನೆಯೇ. ಆದರೆ ನಮ್ಮಲ್ಲಿ ಹೆಚ್ಚಿನವರಿಗೆ ಸ್ವಾಮಿ ಪುಸ್ತಕದಿಂದ ಪರಿಚಯವಾದವನೇ ಅಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ಶಂಕರ್ ನಾಗ್ ಅವನನ್ನು ಆಗುಂಬೆಯ ಮಳೆಗೆ ತಂದು ನಿಲ್ಲಿಸಿದರು. ಅಪ್ಪನಾಗಿ ಗಿರೀಶ್ ಕಾರ್ನಾಡ್, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್. ಹುಡುಗ ಟಿ.ವಿ.ಯಲ್ಲಿ ಹಿಂದಿ ಮಾತಾಡಿದರೂ ನಮಗೆ ಪಕ್ಕದ ಮನೆಯವನೇ. ಅಂದ ಹಾಗೆ, ಪುಸ್ತಕದಲ್ಲಿ ಆಗುಂಬೆಯೂ ಇಲ್ಲ, ಆ ಮಳೆಯೂ ಇಲ್ಲ. ಮೈಸೂರಿನಲ್ಲಿ ಬಾಳಿದ ನಾರಾಯಣರು 1930ರಲ್ಲಿ ಬೆಂಗಳೂರಿನಲ್ಲಿ ಇದನ್ನು ಬರೆಯಲು ಕೂತರು, 1935ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಗ್ರಹಾಂ ಗ್ರೀನ್ ಕೈಹಿಡಿಯದಿದ್ದರೆ ಅದೂ ಆಗುತ್ತಿರಲಿಲ್ಲ. ಮೊದಲಿಟ್ಟಿದ್ದ ಹೆಸರು 'ಸ್ವಾಮಿ, ದ ಟೇಟ್'. ಟೇಟ್ ಎಂದರೆ ಇಂಗ್ಲೆಂಡಿನ ಬೌಲರ್ ಮಾರಿಸ್ ಟೇಟ್. ಈ ಹಳೆಯ ಹೆಸರನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇವೆ.

ಮೊದಲು ನಗು. ಲೆಕ್ಕದ ಪುಸ್ತಕದಲ್ಲಿ ರಾಮನ ಬಳಿ ಹತ್ತು ಮಾವಿನ ಹಣ್ಣು, ಕೃಷ್ಣನಿಗೆ ಬೇಕಾದದ್ದು ನಾಲ್ಕು. ಬೆಲೆ ಎಷ್ಟು? ಸ್ವಾಮಿಗೆ ಕಾಡುವ ಪ್ರಶ್ನೆಯೇ ಬೇರೆ: ಹಣ್ಣು ಮಾಗಿವೆಯೋ ಇಲ್ಲವೋ? ಅಪ್ಪ ಕಿವಿ ಹಿಂಡುತ್ತಾರೆ. ನಾವು ಹಗಲೆಲ್ಲ ಸಾಫ್ಟ್‌ವೇರ್ ಬರೆಯುವವರು; ನಮ್ಮ ದೃಷ್ಟಿಯಲ್ಲಿ ತಪ್ಪು ಲೆಕ್ಕದ್ದೇ! ಕಾಯಿಗೂ ಹಣ್ಣಿಗೂ ಒಂದೇ ಬೆಲೆ ಎಂದು ಯಾವ ಗಿರಾಕಿ ಒಪ್ಪುತ್ತಾನೆ? ನಾರಾಯಣರ ಹಾಸ್ಯದ ಗುಟ್ಟು ಇದೇ. ಅವರು ಹುಡುಗನನ್ನು ಪೆದ್ದನನ್ನಾಗಿ ಮಾಡುವುದಿಲ್ಲ. ಅವನ ತರ್ಕ ಶುದ್ಧವಾಗಿದೆ, ಅದು ಹೊರಡುವ ಜಾಗ ಮಾತ್ರ ದೊಡ್ಡವರಿಗಿಂತ ಬೇರೆ.

ಕ್ರಿಕೆಟ್ಟಿನ ಭಾಗವಂತೂ ಹಬ್ಬ. ರಾಜಮ್, ಮಣಿ, ಸ್ವಾಮಿ ಸೇರಿ ಎಂ.ಸಿ.ಸಿ. ಕಟ್ಟುತ್ತಾರೆ. ಲಂಡನ್ನಿನದಲ್ಲ, ಮಾಲ್ಗುಡಿ ಕ್ರಿಕೆಟ್ ಕ್ಲಬ್ಬು. ಮದ್ರಾಸಿನ ಅಂಗಡಿಗೆ ಬ್ಯಾಟು, ಚೆಂಡು ಬೇಗ ಕಳಿಸಿ, ದುಡ್ಡು ಆಮೇಲೆ ಎಂದು ಕಾಗದ. ಅಂಗಡಿಯವರು ಮುಂಗಡ ಕೇಳಿ ವ್ಯಾಪಾರದ ಇಂಗ್ಲಿಷಿನಲ್ಲಿ ಉತ್ತರಿಸಿದರೆ ಮೂರು ತಲೆ ಕೂಡಿದರೂ ಅರ್ಥವಾಗುವುದಿಲ್ಲ. ಇದು ಬೇರೆ ಯಾರದೋ ಕಾಗದ ಎಂದು ತೀರ್ಮಾನಿಸಿ ವಾಪಸು ಕಳಿಸುತ್ತಾರೆ. ವಲಸೆ ಇಲಾಖೆಯಿಂದ ಬಂದ ಮೊದಲ ಪತ್ರವನ್ನು ಹೀಗೇ ನಾಲ್ಕು ಸಲ ಓದಿದ ನಮಗೆ ಈ ಪುಟದಲ್ಲಿ ನಗು ಸ್ವಲ್ಪ ತಡವಾಗಿ ಬಂತು.

ಇನ್ನು ಒಂದು ಆಕ್ಷೇಪಣೆ. ಸ್ವಾಮಿ ಕಾಡಿನಲ್ಲಿ ದಾರಿ ತಪ್ಪುವ ಅಧ್ಯಾಯ ನಮಗೆ ಹಿಡಿಸಲಿಲ್ಲ. ಅಲ್ಲಿಯವರೆಗೆ ಎಲ್ಲವೂ ಅವನ ಸಣ್ಣ ಸಣ್ಣ ಉಪಾಯಗಳಿಂದಲೇ ನಡೆಯುತ್ತದೆ. ಡ್ರಿಲ್ ತಪ್ಪಿಸಲು ಡಾಕ್ಟರ ಬಳಿ ಹೋಗಿ ತನಗೆ ಸನ್ನಿಯೆಂದು ಹೇಳುವುದು, ಹೆಡ್‌ಮಾಸ್ಟರಿಗೆ ತಿಳಿಸುತ್ತೇನೆಂದ ಡಾಕ್ಟರ ಮಾತನ್ನು ನಂಬಿ ಕೆಡುವುದು, ಕೊನೆಗೆ ಬೆತ್ತವನ್ನೇ ಕಿತ್ತು ಕಿಟಕಿಯಾಚೆ ಎಸೆದು ಓಡುವುದು... ಒಂದಕ್ಕೊಂದು ಕೊಂಡಿ. ಕಾಡಿನಲ್ಲಿ ಮಾತ್ರ ಗಾಡಿಯವನೊಬ್ಬ ಸಮಯಕ್ಕೆ ಸರಿಯಾಗಿ ಸಿಗುತ್ತಾನೆ. ಆದರೂ ಈ ತಿರುವು ಬೇಕಿತ್ತು, ಯಾಕೆಂದರೆ ಅದರಿಂದಲೇ ಸ್ವಾಮಿಗೆ ಪಂದ್ಯ ತಪ್ಪುತ್ತದೆ. ತಂಡ ಸೋಲುತ್ತದೆ. 'ಟೇಟ್' ಎಂದು ಬಿರುದು ಪಡೆದ ಬೌಲರ್ ಆ ದಿನ ಒಂದು ಚೆಂಡನ್ನೂ ಎಸೆಯುವುದಿಲ್ಲ. ಕ್ರೀಡೆಯ ಬಗ್ಗೆ ಬರೆದ ಎಷ್ಟು ಮಕ್ಕಳ ಕಾದಂಬರಿಗಳಲ್ಲಿ ನಾಯಕ ಮೈದಾನದಲ್ಲೇ ಇರುವುದಿಲ್ಲ, ಹೇಳಿ? ಇಂಗ್ಲಿಷ್ ಶಾಲಾಕತೆಗಳಲ್ಲಿ ಕೊನೆಯ ಓವರಿನಲ್ಲಿ ಎಲ್ಲ ಸರಿಹೋಗುತ್ತದೆ. ನಾರಾಯಣರು ಆ ಸಂಪ್ರದಾಯವನ್ನು ಎರವಲು ಪಡೆದು ಅದರ ಬಹುಮಾನವನ್ನು ಮಾತ್ರ ಕೊಡದೇ ಉಳಿಸಿಕೊಂಡರು. ಗ್ರೀನ್ ಹೆಸರು ಬದಲಿಸಿದ್ದು ಸರಿಯೇ. ಇದು ಟೇಟ್‌ನ ಕತೆಯಲ್ಲ.

ಕೊನೆಯ ಅಧ್ಯಾಯದ ಬಗ್ಗೆ ನಮ್ಮ ಕೂಟದಲ್ಲಿ ಜಗಳವೇ ಆಯಿತು. ಪೊಲೀಸ್ ಅಧಿಕಾರಿಯಾದ ರಾಜಮ್‌ನ ಅಪ್ಪನಿಗೆ ವರ್ಗವಾಗಿದೆ. ಪಂದ್ಯ ಸೋತಂದಿನಿಂದ ಅವನು ಸ್ವಾಮಿಯ ಜೊತೆ ಮಾತು ಬಿಟ್ಟಿದ್ದಾನೆ. ಸ್ವಾಮಿ ಬೆಳಗಿನ ಕತ್ತಲಲ್ಲಿ ಆಂಡರ್ಸನ್ನನ ಕತೆಪುಸ್ತಕ ಹಿಡಿದು ಸ್ಟೇಷನ್ನಿಗೆ ಬರುತ್ತಾನೆ, ಕೊಡಲು ಧೈರ್ಯವಿಲ್ಲ. ಹೊರಟ ರೈಲಿನ ಜೊತೆ ಓಡಿ ಪುಸ್ತಕ ತಲುಪಿಸುವವನು ಮಣಿ. ರಾಜಮ್ ಏನೋ ಹೇಳುತ್ತಾನೆ, ಗದ್ದಲದಲ್ಲಿ ಕೇಳಿಸುವುದಿಲ್ಲ. ಕಾಗದ ಬರೆಯುತ್ತಾನಂತೆ, ಎನ್ನುತ್ತಾನೆ ಮಣಿ. ಅವನ ಹತ್ತಿರ ನನ್ನ ವಿಳಾಸ ಇಲ್ಲವಲ್ಲ, ಎನ್ನುತ್ತಾನೆ ಸ್ವಾಮಿ. ಮಣಿ ಏನೋ ಸಮಾಧಾನ ಹೇಳುತ್ತಾನೆ. ಅವನ ಮುಖ ಓದಲು ಸ್ವಾಮಿಗೆ ಮೊದಲ ಬಾರಿಗೆ ಆಗುವುದಿಲ್ಲ.

ನಮ್ಮಲ್ಲಿ ಕೆಲವರು ಮಣಿ ಸುಳ್ಳು ಹೇಳಿದ ಎಂದರು. ಸುಳ್ಳಲ್ಲ, ಆ ಪುಂಡ ಹುಡುಗ ದೊಡ್ಡವನಾದ ಎಂದರು ಇನ್ನು ಕೆಲವರು. ಮಹಡಿಯ ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದ ಒಂಬತ್ತು ವರ್ಷದ ಮಗುವೊಂದು, "ರಾಜಮ್ ಕಾಗದ ಬರೆದನಾ?" ಎಂದಿತು. ಅಪ್ಪನ ಕೆಲಸ ಬದಲಾದಂತೆ ಮೂರು ಊರು, ಮೂರು ಶಾಲೆ ಕಂಡ ಮಗು ಅದು. ಪುಸ್ತಕದಲ್ಲಿ ಉತ್ತರವಿಲ್ಲ ಎಂದೆವು. "ಹಾಗಾದರೆ ಸ್ವಾಮಿನೇ ಬರೀಬಹುದಿತ್ತಲ್ಲ?" ಎಂದಿತು. ಎದುರಿಗಿದ್ದ ನಾವು ಹನ್ನೊಂದು ಜನ, ಎಲ್ಲರ ಜೇಬಿನಲ್ಲೂ ಫೋನು, ಅದರಲ್ಲಿ ನೂರಾರು ವಿಳಾಸ. ಕಾಫಿ ಆರುತ್ತಿದೆ ಎಂದು ಯಾರೋ ಎದ್ದರು.