ಓತಿಕ್ಯಾತಕ್ಕೆ ಬೇಲಿ ಸಾಕ್ಷಿ

ಮೊನ್ನೆ ಶನಿವಾರ ರಾತ್ರಿ ‘ರ‍್ಯಾಂಗೋ’ ಸಿನಿಮಾ ಮತ್ತೊಮ್ಮೆ ನೋಡಿದೆ. 2011ರಲ್ಲಿ ಅದು ಬಂದಾಗ ನಾನು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದ್ತಾ ಇದ್ದೆ. ಹಾಸ್ಟೆಲ್ಲಿನಲ್ಲಿ ಒಂದೇ ಲ್ಯಾಪ್‌ಟಾಪಿನ ಮುಂದೆ ಆರು ಜನ ಕೂತು ಬಿದ್ದೂ ಬಿದ್ದು ನಕ್ಕಿದ್ದು ನೆನಪಿದೆ. ಈ ಸಲ ಒಂದು ದೃಶ್ಯದಲ್ಲಿ ನಗು ಗಂಟಲಲ್ಲೇ ನಿಂತುಹೋಯಿತು. ಬೀನ್ಸ್ ಅನ್ನೋ ಹೆಣ್ಣು ಇಗ್ವಾನಾ ಏರುದನಿಯಲ್ಲಿ ಮಾತಾಡ್ತಾ ಆಡ್ತಾ ಇದ್ದಕ್ಕಿದ್ದಂತೆ ಮರಗಟ್ಟಿಬಿಡುತ್ತಾಳೆ. ಕಣ್ಣು ಅಲ್ಲೇ, ಬಾಯಿ ಅಲ್ಲೇ. ಆಮೇಲೆ ಏನೂ ಆಗದವಳಂತೆ ಮಾತು ಮುಂದುವರಿಸುತ್ತಾಳೆ. ಪಕ್ಕದಲ್ಲಿ ಕೂತಿದ್ದ ನನ್ನ ಗಂಡ ನಕ್ಕರು. ನಾನು ಎದ್ದು ಹೋಗಿ ಹಾಲಿನ ಮೂಲೆಯ ಗಾಜಿನ ಪೆಟ್ಟಿಗೆ ಇಣುಕಿ ನೋಡಿ ಬಂದೆ.

ಆ ಪೆಟ್ಟಿಗೆಯಲ್ಲಿರೋದು ರಂಗಿ. ಜಾತಿಯಲ್ಲಿ ಬಿಯರ್ಡೆಡ್ ಡ್ರಾಗನ್, ಅಂದರೆ ಗಡ್ಡದ ಓತಿ. ಮೂಲ ಆಸ್ಟ್ರೇಲಿಯಾದ ಒಣನಾಡು, ಸದ್ಯದ ವಿಳಾಸ ನ್ಯೂಜೆರ್ಸಿಯ ನಮ್ಮ ಎರಡನೇ ಮಹಡಿಯ ಅಪಾರ್ಟ್‌ಮೆಂಟ್. ಬೇರೆ ರಾಜ್ಯಕ್ಕೆ ವರ್ಗವಾದ ಸಹೋದ್ಯೋಗಿಯೊಬ್ಬರು ಮೂರು ವರ್ಷದ ಹಿಂದೆ ಪೆಟ್ಟಿಗೆ ಸಮೇತ ನಮಗೆ ದಾಟಿಸಿ ಹೋದರು. ಗಂಡು ಅಂದುಕೊಂಡು, ಸಿನಿಮಾದ ನೆನಪಲ್ಲಿ ‘ರ‍್ಯಾಂಗೋ’ ಅಂತ ಹೆಸರಿಟ್ಟೆವು. ಮೊದಲ ಚಳಿಗಾಲದ ಕೊನೆಗೆ ಅದು ಮೊಟ್ಟೆ ಇಟ್ಟಿತು. ರ‍್ಯಾಂಗೋ ರಂಗಿಯಾಯಿತು. ಊರಲ್ಲಿರುವ ಅಮ್ಮ ಮಾತ್ರ ಇವತ್ತಿಗೂ “ನಿಮ್ಮನೆ ಓತಿಕ್ಯಾತ ಹೇಗಿದೆಯೇ?” ಅಂತಲೇ ಕೇಳೋದು.

ಇದು ಸಿನಿಮಾ ವಿಮರ್ಶೆಯೋ ಓತಿಕ್ಯಾತದ ಕಥೆಯೋ ಅಂತ ಕೇಳಬೇಡಿ. ನನ್ನ ಮಟ್ಟಿಗೆ ಎರಡೂ ಒಂದೇ ಆಗಿಹೋಗಿವೆ. ಯಾಕೆ ಅಂತ ಹೇಳ್ತೀನಿ.

ಗಡ್ಡದ ಓತಿಯ ಬಾಯಿಯ ಅಂಚು ಮೇಲಕ್ಕೆ ಬಾಗಿರುತ್ತೆ. ನೋಡಿದವರಿಗೆ ಯಾವಾಗಲೂ ಮುಗುಳ್ನಗ್ತಾ ಇದೆ ಅನ್ನಿಸುತ್ತೆ. ಮುಂಗಾಲೊಂದನ್ನು ಎತ್ತಿ ನಿಧಾನಕ್ಕೆ ಸುತ್ತಿಸೋ ಅಭ್ಯಾಸವೂ ಅದಕ್ಕಿದೆ. ನಮ್ಮ ಕಣ್ಣಿಗೆ ಅದು ಟಾಟಾ ಮಾಡಿದ ಹಾಗೆ. ನಿಜಕ್ಕೂ ಅದು ಎದುರಿಗಿರುವ ದೊಡ್ಡ ಪ್ರಾಣಿಗೆ ‘ನಾನು ಜಗಳಕ್ಕಿಲ್ಲ’ ಅಂತ ಶರಣಾಗೋ ಸನ್ನೆ. ನನಗೆ ಅದು ಗೊತ್ತಿರಲಿಲ್ಲ. ದಿನಾ ಬೆಳಗ್ಗೆ ರಂಗಿ ನನಗೆ ಟಾಟಾ ಮಾಡಿ ಆಫೀಸಿಗೆ ಕಳಿಸ್ತಾ ಇದೆ ಅಂದುಕೊಂಡಿದ್ದೆ. ಆ ಫೆಬ್ರವರಿಯಲ್ಲಿ ಎರಡು ದಿನ ಅದು ಕದಲದೆ ಕೂತಾಗ ‘ಸೋಮಾರಿ’ ಅಂತ ಬೈದೆ. ಮೂರನೇ ದಿನ ಹಿಂಗಾಲಿನ ಬೆರಳುಗಳು ತಾಳ ಹಾಕಿದ ಹಾಗೆ ಅದುರತೊಡಗಿದವು. ನಾನು ವಿಡಿಯೋ ತೆಗೆದೆ. ‘ರಂಗಿ ಡಾನ್ಸ್’ ಅಂತ ಬರೆದು ಸ್ನೇಹಿತರ ಗ್ರೂಪಿಗೆ ಹಾಕಿದೆ. ಹದಿನೇಳು ಜನ ನಗುವ ಮುಖ ಒತ್ತಿದರು.

ಅದು ಡಾನ್ಸ್ ಆಗಿರಲಿಲ್ಲ. ರಾತ್ರಿ ಹನ್ನೊಂದಕ್ಕೆ ದವಡೆಯೂ ನಡುಗತೊಡಗಿದಾಗ ನಮಗೆ ಜ್ಞಾನೋದಯವಾಯಿತು. ಟವೆಲಿನಲ್ಲಿ ಸುತ್ತಿ, ಬಿಸಿನೀರಿನ ಬಾಟಲಿ ಪಕ್ಕಕ್ಕಿಟ್ಟು, ಹಿಮದಲ್ಲಿ ನಲವತ್ತು ನಿಮಿಷ ಕಾರು ಓಡಿಸಿ, ಸರೀಸೃಪ ನೋಡುವ ತುರ್ತು ಆಸ್ಪತ್ರೆ ಮುಟ್ಟಿದೆವು. ರಕ್ತದಲ್ಲಿ ಕ್ಯಾಲ್ಸಿಯಂ ತೀರಾ ಇಳಿದಿತ್ತು. ಎಕ್ಸ್‌ರೇಯಲ್ಲಿ ಹೊಟ್ಟೆ ತುಂಬಾ ಮೊಟ್ಟೆ, ಚೀಲದಲ್ಲಿ ಗೋಲಿ ತುಂಬಿದ ಹಾಗೆ.

ಡಾಕ್ಟರಮ್ಮ ಬಿಡಿಸಿ ಹೇಳಿದರು. ಗಂಡಿನ ನೆರಳು ಸೋಕದಿದ್ದರೂ ಈ ಓತಿ ಮೊಟ್ಟೆ ಇಡುತ್ತೆ, ಒಂದು ಕಂತಿಗೆ ಇಪ್ಪತ್ತರ ಆಸುಪಾಸು. ಪ್ರತಿ ಮೊಟ್ಟೆಯ ಚಿಪ್ಪಿಗೂ ಕ್ಯಾಲ್ಸಿಯಂ ಬೇಕು. ತಿಂದ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸೇರಬೇಕಾದರೆ ಡಿ3 ಜೀವಸತ್ವ ಬೇಕು, ಅದು ಚರ್ಮದಲ್ಲಿ ತಯಾರಾಗಲು ಯುವಿಬಿ ಕಿರಣ ಬೇಕು. ನಮ್ಮ ಪೆಟ್ಟಿಗೆಯ ಟ್ಯೂಬ್‌ಲೈಟ್ ಹಳೆಯ ಮಾಲೀಕರ ಕಾಲದ್ದು. ಬೆಳಕು ಝಗಝಗ ಇತ್ತು, ಯುವಿಬಿ ಯಾವತ್ತೋ ಸತ್ತಿತ್ತು. ಆ ಕಿರಣ ಕಣ್ಣಿಗೆ ಕಾಣೋದಿಲ್ಲ, ಸತ್ತದ್ದೂ ಕಾಣೋದಿಲ್ಲ. ಕಿಟಕಿ ಪಕ್ಕ ಬಿಸಿಲಲ್ಲಿ ಇಡ್ತೀವಲ್ಲ ಅಂದೆ. ಕಿಟಕಿಯ ಗಾಜು ಯುವಿಬಿಯನ್ನು ಬಹುಪಾಲು ತಡೆದುಬಿಡುತ್ತೆ ಅಂದರು. ಹೊರಗಿನಿಂದ ಬರದಿದ್ದಾಗ ದೇಹ ತನ್ನ ಮೂಳೆಯನ್ನೇ ಕರಗಿಸಿ ಮೊಟ್ಟೆಗೆ ಕೊಡುತ್ತೆ. ಅದೂ ಸಾಲದಾದಾಗ ನರಗಳು ಹಿಡಿತ ತಪ್ಪಿ ಅದುರುತ್ತವೆ. ಇಂಜೆಕ್ಷನ್ ಕೊಟ್ಟ ಮೇಲೆ ಬೆಳಗಿನ ಜಾವ ನಡುಕ ನಿಂತಿತು. ನಾನು ಕಾರಲ್ಲಿ ಕೂತು ಗ್ರೂಪಿನಿಂದ ವಿಡಿಯೋ ಅಳಿಸಿದೆ.

ಹೊಸ ಟ್ಯೂಬ್ ಬಂತು, ಅದರ ಮೇಲೆ ಬದಲಿಸಬೇಕಾದ ತಾರೀಕು ಬರೆದದ್ದೂ ಆಯಿತು. ಮಿಡತೆಯಂಥ ಹುಳುಗಳಿಗೆ ಕ್ಯಾಲ್ಸಿಯಂ ಪುಡಿ ಸವರಿ ತಿನ್ನಿಸೋದು, ಬಿಸಿಲು ಕಾಯುವ ಕಲ್ಲಿನ ಮೇಲೆ 40 ಡಿಗ್ರಿ ಸೆಲ್ಸಿಯಸ್ ಇದೆಯಾ ಅಂತ ನೋಡೋದು, ಮೊಟ್ಟೆ ಇಡಲು ಒದ್ದೆ ಮಣ್ಣಿನ ಡಬ್ಬ ಇಡೋದು, ಎಲ್ಲವನ್ನೂ ಪಾಲಿಸಿದೆವು. ಆದರೂ ಏಳು ತಿಂಗಳಿಗೆ ಇನ್ನೊಂದು ಕಂತು ಮೊಟ್ಟೆ, ಇನ್ನೊಂದು ನಡುಕ, ಇನ್ನೊಂದು ರಾತ್ರಿ. ಅದಾದ ಮೇಲೆ ಮೂರನೆಯದು. ಒಂದು ಸಲ ಖಾಲಿಯಾದ ಮೂಳೆ ಅಷ್ಟು ಬೇಗ ತುಂಬೋದಿಲ್ಲವಂತೆ.

ಈಗ ಸಿನಿಮಾಕ್ಕೆ ಬರ್ತೀನಿ. ಗೋರ್ ವರ್ಬಿನ್‌ಸ್ಕಿ ನಿರ್ದೇಶನದ ‘ರ‍್ಯಾಂಗೋ’ ಜಾಣ ಸಿನಿಮಾ, ಆಸ್ಕರ್ ಬಂದದ್ದೂ ನ್ಯಾಯವೇ. ಗಾಜಿನ ಪೆಟ್ಟಿಗೆಯಲ್ಲಿ ತಲೆಯಿಲ್ಲದ ಗೊಂಬೆ, ಕೀ ಕೊಡುವ ಪ್ಲಾಸ್ಟಿಕ್ ಮೀನು, ಸತ್ತ ಹುಳು, ಇವುಗಳನ್ನೇ ನಾಟಕ ಕಂಪನಿ ಮಾಡಿಕೊಂಡ ಒಂಟಿ ಗೋಸುಂಬೆ. ಪೆಟ್ಟಿಗೆ ಕಾರಿನಿಂದ ಉರುಳಿ ಒಡೆದು, ಅದು ಮರುಭೂಮಿಗೆ ಬೀಳುತ್ತೆ. ಮೊದಲ ಆ ಐದಾರು ನಿಮಿಷ ಸಾಕುಹಲ್ಲಿಯ ಬದುಕಿನ ಬಗ್ಗೆ ಯಾವ ಸಿನಿಮಾ ಹೇಳಿದ್ದಕ್ಕಿಂತಲೂ ಹೆಚ್ಚು ನಿಜ ಹೇಳುತ್ತೆ. ಆಮೇಲೆ ಅದು ಅಂಗಿ ತೊಟ್ಟ ಮನುಷ್ಯನ ಕಥೆ. ನೀರಿನ ರಾಜಕೀಯ, ಸುಳ್ಳು ಶೆರಿಫ್, ಗುಂಡಿನ ಕಾಳಗ. ಎಲ್ಲಾ ಚೆನ್ನಾಗಿದೆ. ಆದರೆ ಮೈ ಇಲ್ಲ. ಬೀನ್ಸಳ ಮರಗಟ್ಟುವಿಕೆಯೊಂದೇ ಅಲ್ಲಿ ದೇಹದಿಂದ ಬಂದದ್ದು, ಅದನ್ನೂ ‘ಅಪಾಯದಿಂದ ಕಾಪಾಡಿಕೊಳ್ಳೋ ಗುಣ’ ಅಂತ ಒಂದು ಮಾತಲ್ಲಿ ಮುಗಿಸಿ ಜೋಕಿಗೆ ಬಳಸಿಕೊಂಡಿದ್ದಾರೆ. ನಾನು ‘ರಂಗಿ ಡಾನ್ಸ್’ ಅಂತ ಮಾಡಿದ್ದೂ ಅದನ್ನೇ ಅಲ್ವಾ? ಹಲ್ಲಿಯ ಮೈ ವಿಚಿತ್ರವಾಗಿ ಆಡಿದರೆ ನಗಬೇಕು ಅನ್ನೋ ಪಾಠವನ್ನು ನಾನು ಹಾಸ್ಟೆಲ್ಲಿನಲ್ಲೇ ಕಲಿತಿದ್ದೆ.

2023ರಲ್ಲಿ ನೆಟ್‌ಫ್ಲಿಕ್ಸಿಗೆ ಬಂದ ‘ಲಿಯೋ’ ಇನ್ನೂ ಒಂದು ಹೆಜ್ಜೆ ಮುಂದೆ. ಫ್ಲೋರಿಡಾದ ಶಾಲೆಯೊಂದರ ತರಗತಿಯಲ್ಲಿರುವ ಟುವಾಟಾರಾ, ವಯಸ್ಸು 74. ತನ್ನ ಜಾತಿಯ ಆಯಸ್ಸು 75 ಅಂತ ತಿಳಿದು ಕಂಗಾಲಾಗುತ್ತೆ. ವಾರಾಂತ್ಯಕ್ಕೊಬ್ಬರಂತೆ ಮಕ್ಕಳು ಅದನ್ನು ಮನೆಗೆ ಒಯ್ಯುತ್ತಾರೆ, ಅದು ಗುಟ್ಟಾಗಿ ಬಾಯಿ ಬಿಟ್ಟು ಅವರಿಗೆ ಬುದ್ಧಿ ಹೇಳುತ್ತೆ. ಒಳ್ಳೆಯ ಮನಸ್ಸಿನ ಸಿನಿಮಾ, ಆಡಮ್ ಸ್ಯಾಂಡ್ಲರ್ ದನಿ ಸೊಗಸಾಗಿದೆ. ಆದರೆ ಟುವಾಟಾರಾ ಹಲ್ಲಿಯೇ ಅಲ್ಲ, ನ್ಯೂಜಿಲೆಂಡಿನಲ್ಲಿ ಮಾತ್ರ ಉಳಿದಿರುವ ಬೇರೆಯೇ ಗಣದ ಕೊನೆಯ ಕುಡಿ. 75ಕ್ಕೆ ಸಾಯಬೇಕಾಗಿಯೂ ಇಲ್ಲ. ಅಲ್ಲಿನ ಇನ್ವರ್‌ಕಾರ್ಗಿಲ್ ಮ್ಯೂಸಿಯಮ್ಮಿನಲ್ಲಿದ್ದ ಹೆನ್ರಿ 2009ರಲ್ಲಿ ಅಪ್ಪನಾದಾಗ ಅದರ ಅಂದಾಜು ವಯಸ್ಸು 111. ಇಡೀ ಕಥೆ ನಿಂತಿರುವುದು ಈ ತಪ್ಪು ಲೆಕ್ಕದ ಮೇಲೆ.

ಕಥೆ ಅಂದಮೇಲೆ ಸುಳ್ಳು ಇರುತ್ತಪ್ಪಾ ಅಂತ ನನ್ನ ಗಂಡ ವಾದ ಮಾಡಿದರು. ಸರಿ. ಹಾಗಾದರೆ ನಮ್ಮ ‘ಕರ್ವಾಲೊ’ ತಗೊಳ್ಳಿ. ತೇಜಸ್ವಿ 1980ರಲ್ಲಿ ಬರೆದ ಆ ಕಾದಂಬರಿಯಲ್ಲಿ ಹಾರುವ ಓತಿ ಎಲ್ಲೋ ಕಾಡಿನ ಗರ್ಭದಲ್ಲಿ ಉಳಿದಿರಬಹುದಾದ ಅಪರೂಪದ ಜೀವಿ. ವಾಸ್ತವದಲ್ಲಿ ಮಲೆನಾಡು, ಕರಾವಳಿಯ ಅಡಿಕೆ ತೋಟಗಳಲ್ಲಿ ಕಣ್ಣಿಟ್ಟು ಹುಡುಕಿದರೆ ಇವತ್ತಿಗೂ ಅದು ಕಾಣಸಿಗುತ್ತೆ. ಅಲ್ಲಿಗೆ ತೇಜಸ್ವಿಯವರೂ ಲೆಕ್ಕ ಹಿಗ್ಗಿಸಿದ್ದಾರೆ. ವ್ಯತ್ಯಾಸ ಇರೋದು ಆ ಹಿಗ್ಗಿಸುವಿಕೆ ಯಾತಕ್ಕೆ ಅನ್ನೋದರಲ್ಲಿ. ‘ಲಿಯೋ’ದಲ್ಲಿ ಸುಳ್ಳು ಆಯಸ್ಸು ಪ್ರಾಣಿಯನ್ನು ಮನುಷ್ಯನ ಹತ್ತಿರಕ್ಕೆ ಎಳೆದು ತರುತ್ತೆ, ನಡುವಯಸ್ಸಿನವನ ಸಾವಿನ ಭಯವನ್ನು ಅದರ ಬಾಯಿಗೆ ತುರುಕುತ್ತೆ. ‘ಕರ್ವಾಲೊ’ದಲ್ಲಿ ಅದು ಪ್ರಾಣಿಯನ್ನು ನಮ್ಮಿಂದ ದೂರ, ನಮ್ಮ ಕಾಲಮಾನಕ್ಕೇ ಸಿಗದಷ್ಟು ದೂರ ಇಡುತ್ತೆ. ಮಂದಣ್ಣ, ಕರಿಯಪ್ಪ, ಕಿವಿ ನಾಯಿ, ವಿಜ್ಞಾನಿ ಎಲ್ಲರೂ ಹಿಂದೆ ಬಿದ್ದರೂ ಓತಿ ಒಂದೂ ಮಾತಾಡೋದಿಲ್ಲ, ಯಾರಿಗೂ ಬುದ್ಧಿ ಹೇಳೋದಿಲ್ಲ. ಕೊನೆಗೆ ಕಣಿವೆಯ ಆಳಕ್ಕೆ ತೇಲಿಹೋಗುತ್ತೆ, ಅಷ್ಟೇ. ಕಾಲೇಜಿನಲ್ಲಿ ಓದಿದಾಗ ‘ಅಯ್ಯೋ, ಸಿಗಲಿಲ್ಲವಲ್ಲ’ ಅನ್ನಿಸಿತ್ತು. ಈಗ ಅನ್ನಿಸೋದು, ಓತಿಯನ್ನು ಓತಿಯಾಗಿ ಬಿಟ್ಟ ಕಥೆ ನನಗೆ ಗೊತ್ತಿರೋದರಲ್ಲಿ ಇದೊಂದೇ ಅಂತ.

ಹಾಗಂತ ‘ಕರ್ವಾಲೊ’ ಮೇಲೂ ನನ್ನದೊಂದು ತಕರಾರಿದೆ. ತಪ್ಪಿಸಿಕೊಂಡ ಓತಿಯನ್ನು ಗೌರವಿಸುವುದು ಸುಲಭ. ಸಿಕ್ಕಿಬಿದ್ದ ಓತಿಯ ಕಥೆ ಏನು? ಆಸ್ಟ್ರೇಲಿಯಾ ತನ್ನ ಕಾಡಿನ ಓತಿಗಳನ್ನು ವ್ಯಾಪಾರಕ್ಕೆ ಹೊರಗೆ ಕಳಿಸೋದಿಲ್ಲ. ರಂಗಿ ಇಲ್ಲೇ ಪೆಟ್ಟಿಗೆಯಲ್ಲಿ ಹುಟ್ಟಿದ್ದು, ಅದಕ್ಕೆ ತೇಲಿಹೋಗಲು ಕಣಿವೆ ಇಲ್ಲ. ಬಾಗಿಲು ತೆಗೆದು ಬಿಟ್ಟರೆ ನ್ಯೂಜೆರ್ಸಿಯ ಚಳಿಗೆ ಬೆಳಗಾಗುವುದರೊಳಗೆ ಸಾಯುತ್ತೆ. ಅದರ ಸೂರ್ಯ ನಮ್ಮ ಕರೆಂಟ್ ಬಿಲ್ಲಿನಲ್ಲಿದೆ. ಇಂಥ ಜೀವಿಯ ಜೊತೆ ಹೇಗಿರಬೇಕು ಅಂತ ತೇಜಸ್ವಿಯೂ ಹೇಳಲಿಲ್ಲ, ಹಾಲಿವುಡ್ಡೂ ಹೇಳಲಿಲ್ಲ.

ಮೂರನೇ ಸಲದ ನಡುಕದ ನಂತರ ಡಾಕ್ಟರಮ್ಮ ಅಂಡಾಶಯ ತೆಗೆಯುವ ಆಪರೇಷನ್ ಸೂಚಿಸಿದರು. ಮೊಟ್ಟೆ ನಿಂತರೆ ಈ ಸುತ್ತು ನಿಲ್ಲುತ್ತೆ. ಆದರೆ ಮೂಳೆ ಸವೆದ ಜೀವ, ಅರಿವಳಿಕೆಯಿಂದ ಏಳದೆಯೂ ಇರಬಹುದು. ಖರ್ಚು ಕೇಳಿ ಅಮ್ಮನಿಗೆ ಹೇಳುವ ಧೈರ್ಯ ಬರಲಿಲ್ಲ. ಗಂಡ, “ಅದಕ್ಕೇನು ಬೇಕು ಅಂತ ನಮಗೆ ಹೇಗೆ ಗೊತ್ತಾಗುತ್ತೆ?” ಅಂದರು. ಅದೇ ಪ್ರಶ್ನೆ. ಸಿನಿಮಾದ ಹಲ್ಲಿಯಾಗಿದ್ದರೆ ಬಾಯಿಬಿಟ್ಟು ಹೇಳಿರೋದು. ರಂಗಿ ಹೇಳಲಿಲ್ಲ. ಅದು ಹೇಳಿದ್ದನ್ನೆಲ್ಲಾ ಮೈಯಲ್ಲೇ ಹೇಳಿತ್ತು. ಕದಲದೆ ಕೂತ ಎರಡು ದಿನ, ಅದುರಿದ ಬೆರಳು, ಮುಟ್ಟದೆ ಬಿಟ್ಟ ಸೊಪ್ಪು. ಅದಿಷ್ಟನ್ನೇ ಇಟ್ಟುಕೊಂಡು ಯೋಚಿಸಿ, ನಾನು ಫಾರಂಗೆ ಸಹಿ ಹಾಕಿದೆ.

‘ಓತಿಕ್ಯಾತಕ್ಕೆ ಬೇಲಿ ಸಾಕ್ಷಿ’ ಅಂತ ಗಾದೆ ಇದೆಯಲ್ಲ, ತನ್ನವರ ಪರವಾಗಿಯೇ ಹೇಳೋ ಸಾಕ್ಷಿಯನ್ನು ನಂಬಬೇಡ ಅಂತ ಅದರ ಅರ್ಥ. ನಾನು ಯೋಚಿಸೋದು ಬೇರೆ. ಓತಿಗೆ ಆಗಿದ್ದೆಲ್ಲವನ್ನೂ ಪಕ್ಕದಲ್ಲೇ ನಿಂತು ನೋಡಿದ್ದು ಬೇಲಿಯೊಂದೇ. ಈ ಮೂರು ವರ್ಷ ರಂಗಿಯ ಬೇಲಿ ನಾನೇ ಆಗಿದ್ದೆ. ಮೊದಲ ಸಲ ಕೊಟ್ಟಿದ್ದು ಸುಳ್ಳು ಸಾಕ್ಷಿ.

ಆಪರೇಷನ್ ಆಗಿ ಐದು ವಾರ ಆಯ್ತು. ಅವತ್ತು ಎಚ್ಚರವಾಗಲು ತುಂಬಾ ಹೊತ್ತು ಹಿಡಿಯಿತು. ಸಂಜೆ ಆರಕ್ಕೆ ಫೋನ್ ಬರುವವರೆಗೂ ನಾನು ಮೀಟಿಂಗಿನಲ್ಲಿ ಮ್ಯೂಟ್ ಮಾಡಿಕೊಂಡು ಕೂತಿದ್ದೆ. ಈಗ ಹೊಲಿಗೆ ಒಣಗ್ತಾ ಇದೆ, ನಡುಕ ಮತ್ತೆ ಬಂದಿಲ್ಲ. ನಿನ್ನೆ ಬೆಳಗ್ಗೆ ಸೊಪ್ಪು ಹಾಕಲು ಕೈ ಚಾಚಿದಾಗ ಮುಂಗಾಲೆತ್ತಿ ನಿಧಾನಕ್ಕೆ ಸುತ್ತಿಸಿತು. ನಾನು ವಿಡಿಯೋ ತೆಗೀಲಿಲ್ಲ. ಸೊಪ್ಪು ಇಟ್ಟು, ಬಾಗಿಲು ಹಾಕಿ, ಅದಕ್ಕೆ ನನ್ನ ಭಯ ಹೋಗಲಿ ಅಂತ ಎರಡು ಹೆಜ್ಜೆ ಹಿಂದೆ ಸರಿದು ನಿಂತೆ. ಆಮೇಲೆ ಅದು ತಿಂದಿತು.