ಪ್ಲಸ್ ನುಂಗಿದವರಾರು?

ಪುಣೆಯ ಕನ್ನಡದ ಗೆಳೆಯರಿಗೆಂದು ರಕ್ತದಾನಿಗಳ ಪಟ್ಟಿಯೊಂದನ್ನು ಪಿಎಚ್‌ಪಿಯಲ್ಲಿ ಕಟ್ಟಿದ್ದೆ. ಕೋಥ್ರೂಡ್‌ನ ಮನೆಯಲ್ಲಿ ಒಂದು ಭಾನುವಾರದ ಕೆಲಸ. ಎಂಟು ಗುಂಪಿಗೆ ಎಂಟು ಲಿಂಕ್, ಎಲ್ಲವನ್ನೂ ಕೈಯಾರೆ ಬರೆದದ್ದು: ?ಊರು=ಪುಣೆ&ಗುಂಪು=ಓ+ ಎಂಬಂತೆ. ನಾಲ್ಕು ಮೈನಸ್‌ಗಳು ಹೆಸರು ತೋರಿಸಿದವು. ನಾಲ್ಕು ಪ್ಲಸ್‌ಗಳೂ ಖಾಲಿ! ಓ ಪಾಸಿಟಿವ್‌ನವರೇ ಇಲ್ಲದ ಊರು ಎಲ್ಲಾದರೂ ಉಂಟೇ?

ವಿಳಾಸದಲ್ಲಿ ಪ್ರಶ್ನೆಚಿಹ್ನೆಯ ಆಚೆಗಿರುವುದನ್ನು ಪಿಎಚ್‌ಪಿ ತಾನೇ ಬಿಡಿಸಿ $_ಗೆಟ್‌ನಲ್ಲಿ ಇಡುತ್ತದೆ. ಬಿಡಿಸುವಾಗ ಪ್ಲಸ್ಸನ್ನು ಖಾಲಿ ಜಾಗವೆಂದು ಓದುವುದು ವೆಬ್ ಫಾರ್ಮುಗಳ ಹಳೇ ರೂಢಿ. ನನ್ನ 'ಓ+' ಬಾಲ ಕಳೆದುಕೊಂಡು 'ಓ ' ಆಗಿತ್ತು. ಪ್ಲಸ್ ಪ್ಲಸ್ಸಾಗಿಯೇ ತಲುಪಬೇಕಾದರೆ %2ಬಿ ಎಂಬ ವೇಷದಲ್ಲಿ ಹೊರಡಬೇಕು. ಯುಆರ್‌ಎಲ್‌ಎನ್‌ಕೋಡ್ ಫಂಕ್ಷನ್ನಿಗೆ ಕೊಟ್ಟು ವೇಷ ಹಾಕಿಸಿದೆ.

ಮತ್ತೂ ಖಾಲಿ. ಗಂಟೆ ಕಳೆದ ಮೇಲೆ ಕಣ್ಣಿಗೆ ಬಿತ್ತು: ಗೆಟ್‌ನಿಂದ ತೆಗೆದದ್ದನ್ನು ಇರಲಿ ಎಂದು ಯುಆರ್‌ಎಲ್‌ಡೀಕೋಡ್‌ಗೂ ಹಾಕಿದ್ದೆ. ಸುಲಿದ ಬಾಳೆಹಣ್ಣನ್ನು ಇನ್ನೊಮ್ಮೆ ಸುಲಿದ ಹಾಗೆ. ಹೀಗೆ ಮಾಡಬೇಡಿ, ಅಪಾಯ ಎಂದು ಪಿಎಚ್‌ಪಿ ಕೈಪಿಡಿಯೇ ಎಚ್ಚರಿಸುತ್ತದೆ, ಕೈಪಿಡಿ ಓದುವವರಾರು! ಆ ಸಾಲನ್ನು ಅಳಿಸಿದೆ, ದಾನಿಗಳು ಬಂದರು. ಸಾಲು ಸೇರಿಸಿ ಗೆಲ್ಲುವುದಕ್ಕಿಂತ ಅಳಿಸಿ ಗೆಲ್ಲುವ ರುಚಿಯೇ ಬೇರೆ.

ಹುಡುಕುವಾಗ ಸರ್ವರ್‌ನ ಲಾಗ್ ತೆರೆದಿದ್ದೆ. ಎರಡಕ್ಷರದ 'ಪುಣೆ' ಅಲ್ಲಿ 36 ಚಿಹ್ನೆಗಳ ಸರಪಳಿ. ಪ, ಉಕಾರ, ಣ, ಎಕಾರ: ನಾಲ್ಕು ಸಂಕೇತ. ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರು ಬೈಟ್, ಬೈಟಿಗೊಂದು % ಮತ್ತೆರಡು ಅಂಕಿ-ಅಕ್ಷರ. ಇದೇ ಪುಣೆಯ ಸಿ-ಡ್ಯಾಕ್ ಸಂಸ್ಥೆ ತನ್ನ ಜಿಸ್ಟ್ ತಂತ್ರಜ್ಞಾನದಲ್ಲಿ ಬಳಸಿದ ಇಸ್ಕಿ ಸಂಕೇತಪದ್ಧತಿ (1991ರಲ್ಲಿ ಭಾರತೀಯ ಮಾನಕವಾದದ್ದು) ಆಗಿದ್ದರೆ ನಾಲ್ಕೇ ಬೈಟಿನಲ್ಲಿ ಮುಗಿಯುತ್ತಿತ್ತು. ಆದರೆ ಅದರಲ್ಲಿ ಕನ್ನಡದ ಪಕಾರಕ್ಕೂ ಮರಾಠಿಯ ಪಕಾರಕ್ಕೂ ಒಂದೇ ಸಂಕೇತ. ಯಾವ ಲಿಪಿ ಎಂದು ಬೇರೆ ಹೇಳಬೇಕು. ಉದ್ದವಾದರೂ ಯುನಿಕೋಡೇ ಇರಲಿ.

ಪಿಎಚ್‌ಪಿಯಲ್ಲಿ ಹಿಂದೆ ಗೆಟ್‌ನಿಂದ ತೆಗೆದುಕೊಳ್ಳುವ ಕೆಲಸವೂ ಇರಲಿಲ್ಲ. ವಿಳಾಸದಲ್ಲಿ ಯಾರೇನು ಬರೆದರೂ ಅದೇ ಹೆಸರಿನ ವೇರಿಯಬಲ್ ತಾನಾಗಿ ಹುಟ್ಟುತ್ತಿತ್ತು, ಬೀದಿಬಾಗಿಲು ತೆಗೆದಿಟ್ಟ ಮನೆಯಂತೆ. 2002ರ 4.2 ಆವೃತ್ತಿ ಬಾಗಿಲು ಮುಂದೆ ಮಾಡಿತು, 2012ರ 5.4 ಗೋಡೆಯನ್ನೇ ಕಟ್ಟಿತು.

ಇನ್ನು ನನ್ನ ಪಟ್ಟಿಗೆ ಗುಂಪನ್ನೇ ಬಿಟ್ಟು ಲಿಂಕ್ ಕಳಿಸುವ ಪುಣ್ಯಾತ್ಮರೂ ಇದ್ದಾರೆ. ಅವರಿಗೆಂದು ಗೆಟ್‌ನ ಪಕ್ಕ ?? ಹಾಕಿ, ಗುಂಪಿಲ್ಲದಿದ್ದರೆ ಇಡೀ ಪಟ್ಟಿ ತೋರಿಸು ಎಂದಿದ್ದೇನೆ.